ರಿಪೇರಿ ಆಯ್ತು, ಚಕ್ರ ನೆಟ್ಟಗಾಯ್ತೇ?

ಬೂದಿಕೋಟೆ ಕಡೆಯಿಂದ ಬೆಳಗಿನ ಜಾವ ಬಂಗಾರಪೇಟೆಗೆ ಬರುವ ಗಾಡಿಗಳಲ್ಲಿ ಎರಡು ಬಗೆಯ ಹೊರೆ. ಒಂದು, ಮಂಡಿಗೆ ಹೋಗುವ ಟೊಮೇಟೊ. ಇನ್ನೊಂದು, ಬೆಂಗಳೂರು ರೈಲು ಹಿಡಿಯಬೇಕಾದ ಜನ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲಂತೂ ಈ ಭಾಗದ ಎಷ್ಟೋ ಮನೆಗಳ ಅನ್ನ ಆ ರೈಲನ್ನೇ ನಂಬಿದೆ. ಹೀಗಿರುವಾಗ ಗಾಡಿಯ ಚಕ್ರ ನೆಟ್ಟಗಿದೆಯೋ ಇಲ್ಲವೋ ಎಂಬುದು ಮಾಲೀಕನೊಬ್ಬನ ಚಿಂತೆಯಲ್ಲ.

ಗುಂಡಿಗೆ ಬಿದ್ದು ಟೈ ರಾಡ್ ಎಂಡ್ ಹೋಯಿತು ಅನ್ನಿ. ಮೆಕ್ಯಾನಿಕ್ ಹೊಸದು ಹಾಕಿ, "ಆಯ್ತು, ತಗೊಂಡ್ಹೋಗಣ್ಣ" ಅನ್ನುತ್ತಾನೆ. ಅಲೈನ್‌ಮೆಂಟ್ ಅಂದರೆ, "ಥ್ರೆಡ್ ಎಣಿಸಿ ಹಾಕಿದ್ದೀನಿ, ಏನೂ ಆಗಲ್ಲ ಬಿಡು" ಎಂಬ ಉತ್ತರ. ಎಡವಟ್ಟು ಇರುವುದು ಅಲ್ಲೇ. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಎರಡು ಮುಂಚಕ್ರ ಒಂದೇ ದಿಕ್ಕು ನೋಡುವುದಿಲ್ಲ. ಗಾಡಿ ಓಡುತ್ತದೆ, ನಿಜ. ಆದರೆ ಟೈರು ಉರುಳುವುದರ ಜೊತೆಗೆ ರಸ್ತೆಗೆ ಉಜ್ಜುತ್ತದೆ. ಕೆಲವೇ ತಿಂಗಳಲ್ಲಿ ಅದರ ಒಂದಂಚು ಬೋಳು. ಮಳೆಯಲ್ಲಿ ಬೋಳು ಟೈರು ನಂಬಿ ಬ್ರೇಕ್ ಹಾಕಿದರೆ ಗತಿ ಏನು?

ಹಾಗಂತ ಗ್ಯಾರೇಜಿಗೆ ಹೋದಾಗಲೆಲ್ಲ ಅಲೈನ್‌ಮೆಂಟ್ ಬೇಕಿಲ್ಲ. ಪಂಕ್ಚರ್, ಆಯಿಲ್, ಬ್ರೇಕ್ ಪ್ಯಾಡ್ ಕೆಲಸಕ್ಕೆ ಅದು ದಂಡದ ಖರ್ಚು. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ನೋಡಬೇಕಾದ್ದು ವೀಲ್ ಬ್ಯಾಲೆನ್ಸಿಂಗ್. ಅದೇ ಬೇರೆ, ಇದೇ ಬೇರೆ. ಆದರೆ ಟೈ ರಾಡ್, ಬಾಲ್ ಜಾಯಿಂಟ್, ಲೋಯರ್ ಆರ್ಮ್, ಸ್ಟೇರಿಂಗ್ ರ್‍ಯಾಕ್ ಬದಲಾದರೆ, ಮುಂದಿನ ಸ್ಟ್ರಟ್ ಬಿಚ್ಚಿ ಹಾಕಿದರೆ, ಚಕ್ರಕ್ಕೆ ಜೋರು ಪೆಟ್ಟು ಬಿದ್ದಿದ್ದರೆ ಪರೀಕ್ಷೆ ತಪ್ಪಿಸುವಂತಿಲ್ಲ. ಸವೆದ ಜಾಯಿಂಟ್ ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲದು. ಮೊದಲು ರಿಪೇರಿ, ಆಮೇಲೆ ಅಲೈನ್‌ಮೆಂಟ್. ಅದೂ ಟೈರಿನ ಗಾಳಿ ಸರಿ ಮಾಡಿದ ಮೇಲೆ.

ತಪ್ಪು ಗ್ಯಾರೇಜಿನದು ಮಾತ್ರವೇ? ಸಾವಿರಾರು ರೂಪಾಯಿ ಸಾಮಾನು ಹಾಕಿಸಿ, ಕೊನೆಯ ಕೆಲವು ನೂರಕ್ಕೆ ಜುಗ್ಗತನ ಮಾಡುವ ಮಾಲೀಕರು ಕಡಿಮೆಯೇನಿಲ್ಲ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಉಂಟು. ಆದರೆ ಎಫ್‌ಸಿ ಆದ ಮಾರನೇ ದಿನ ಟೈ ರಾಡ್ ಬದಲಾದರೆ ನೋಡುವವರು ಯಾರು?

ಆದ್ದರಿಂದ ಅಲೈನ್‌ಮೆಂಟ್ ರಿಪೇರಿಯ ಭಾಗವೇ ಆಗಬೇಕು. ಯಂತ್ರವಿಲ್ಲದ ಸಣ್ಣ ಗ್ಯಾರೇಜಿನವರು "ಅಲೈನ್‌ಮೆಂಟ್ ಬಾಕಿ" ಎಂದು ಬಿಲ್ಲಿನಲ್ಲೇ ಬರೆದುಕೊಡಲಿ. ಯಂತ್ರವಿರುವವರು ಮುಂಚಿನ ಅಳತೆ, ನಂತರದ ಅಳತೆ ಎರಡೂ ಇರುವ ಚೀಟಿ ಕೊಡಲಿ. ಮಾಲೀಕರು ಅದನ್ನು ಕೇಳಿ ಪಡೆಯಲಿ. ರಸ್ತೆಗೆ ಹೊಣೆಯಾದವರು ಗುಂಡಿ ಮುಚ್ಚಲಿ.

ಪ್ರಯಾಣಿಕರಿಗೂ ಒಂದು ಕೆಲಸವಿದೆ. ರಸ್ತೆ ನೆಟ್ಟಗಿದ್ದರೂ ಸ್ಟೇರಿಂಗ್ ಓರೆಯಾಗಿದ್ದರೆ, "ಯಾಕಣ್ಣ ಹೀಗೆ?" ಎಂದು ಬಾಯಿಬಿಟ್ಟು ಕೇಳಬೇಕು. ಕೇಳುವುದಕ್ಕೆ ಕಾಸು ಬೇಕಿಲ್ಲ.