ಹೇಳಿಸಿದರೆ ಬರೆಯಲು ಬಂದೀತೇ?

ಪ್ರಶ್ನೆ: ಮನೆಯಲ್ಲೇ ಕಲಿಯುವ ಎಳೆಯ ಮಗುವಿಗೆ, ಕೇಳಿದ ಕಥೆಯನ್ನು ತಿರುಗಿ ಹೇಳಿಸುತ್ತ ಬರವಣಿಗೆ ಕಲಿಸುವುದು ಸರಿಯೇ? ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಏಳು ವರ್ಷದ ಮಗನಿಗೆ ಮನೆಯಲ್ಲೇ ಪಾಠ ಹೇಳುವ ತಾಯಿ ಹೌದು ಎನ್ನುತ್ತಾರೆ. ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆ ಶಿಕ್ಷಕಿಯಾಗಿದ್ದು ನಿವೃತ್ತರಾದ ಅವರ ವೈನಿ, ಅಂದರೆ ಅಣ್ಣನ ಹೆಂಡತಿ, ಒಪ್ಪುವುದಿಲ್ಲ.

ಪರ: ಮಾತು ಮೊದಲು ತುಂಬಿ ಬರಲಿ

ನಮ್ಮ ಮನೆಯಿಂದ ಮೈತ್ರೀವನದ ಕಡೆ ನಡೆದರೆ ದಾರಿಯುದ್ದಕ್ಕೂ ಕೋಚಿಂಗ್ ಕೇಂದ್ರಗಳ ಬೋರ್ಡುಗಳು. ಜಾವಾ, ಪೈಥಾನ್, ಒರಾಕಲ್. ಅವುಗಳ ನಡುವೆ ಜೆರಾಕ್ಸ್ ಅಂಗಡಿಗಳಲ್ಲಿ ಕೋರ್ಸಿನ ನೋಟ್ಸನ್ನು ಸ್ಪೈರಲ್ ಹಾಕಿ ಮಾರುತ್ತಾರೆ. ಊರು ಬಿಟ್ಟು ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಜನ ಮಲಗಿ ಓದುವ ಆ ಹುಡುಗರ ಕಷ್ಟ ನನಗೆ ಗೊತ್ತು. ನಾನೂ ಹಾಗೇ ಈ ಊರಿಗೆ ಬಂದವಳು. ಆಗ ನನ್ನ ಚೀಲದಲ್ಲಿದ್ದ ನೋಟ್ಸಿನಲ್ಲಿ ನನ್ನದು ಅನ್ನುವ ಒಂದು ವಾಕ್ಯವೂ ಇರಲಿಲ್ಲ. ಮಗನಿಗೆ ಅಕ್ಷರ ಕಲಿಸಲು ಕೂತಾಗ ನನ್ನನ್ನು ಕಾಡಿದ್ದು ಅದೇ.

ನಮ್ಮ ಪಾಠ ಹೀಗೆ ನಡೆಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಕಥೆಯನ್ನು ಒಮ್ಮೆ ಮಾತ್ರ ಓದುತ್ತೇನೆ. ಎರಡನೇ ಸಲ ಓದುವುದಿಲ್ಲ, ಅದು ಅವನಿಗೂ ಗೊತ್ತು, ಆದ್ದರಿಂದ ಕಿವಿಗೊಟ್ಟು ಕೇಳುತ್ತಾನೆ. ಪುಸ್ತಕ ಮುಚ್ಚಿ, "ಈಗ ನೀ ಹೇಳು" ಅನ್ನುತ್ತೇನೆ. ಅವನು ಹೇಳುವಾಗ ನಡುವೆ ತಡೆಯುವುದಿಲ್ಲ, ತಿದ್ದುವುದಿಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಆಮೇಲೆ ಅದರಲ್ಲಿ ಅವನಿಗೆ ಇಷ್ಟವಾದ ಒಂದೇ ವಾಕ್ಯವನ್ನು ಅವನು ನೋಡಿ ಬರೆಯುತ್ತಾನೆ. ಅಷ್ಟೇ. ಉಳಿದ ಬರವಣಿಗೆ ಒಂಬತ್ತು, ಹತ್ತು ವರ್ಷವಾದ ಮೇಲೆ.

ಈ ಪದ್ಧತಿಗೆ ಶಿಸ್ತಿನ ರೂಪ ಕೊಟ್ಟವರು ಇಂಗ್ಲೆಂಡಿನ ಆಂಬಲ್‌ಸೈಡ್‌ನಲ್ಲಿ ಶಿಕ್ಷಕಿಯರಿಗೆ ತರಬೇತಿ ಕೊಡುತ್ತಿದ್ದ ಷಾರ್ಲೆಟ್ ಮೇಸನ್. ಮನೆಯ ಶಿಕ್ಷಣದ ಬಗ್ಗೆ ಅವರ ಮೊದಲ ಪುಸ್ತಕ ಬಂದದ್ದು 1886ರಲ್ಲಿ. ಅದನ್ನು ಓದುವಾಗ ನನಗೆ ನೆನಪಾದದ್ದು ಮಾತ್ರ ನಮ್ಮೂರು. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ರಾತ್ರಿ ಮನೆಗೆ ಬಂದ ನನ್ನ ಅಮ್ಮ, ಹೋಗಲಾರದ ಅಜ್ಜಿಯ ಹಾಸಿಗೆ ಪಕ್ಕ ಕೂತು ಅಂದಿನ ಪುರಾಣವನ್ನು ಮೊದಲಿನಿಂದ ಹೇಳುತ್ತಿದ್ದಳು. ಅಮ್ಮ ಎರಡನೇ ಇಯತ್ತೆ ದಾಟಿದವಳಲ್ಲ. ಆದರೆ ಯಾವುದನ್ನು ಮೊದಲು ಹೇಳಬೇಕು, ಎಲ್ಲಿ ನಿಲ್ಲಿಸಿ ಅಜ್ಜಿಯ ಮುಖ ನೋಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ಬರೆಯುವವರು ಕಲಿಯಬೇಕಾದದ್ದರಲ್ಲಿ ಅರ್ಧ ಅದೇ ಎಂದು ನಾನು ನಂಬಿದ್ದೇನೆ.

ಇದಕ್ಕೂ ಮೊದಲು ಗೆರೆ ಹಾಕಿದ ವಹಿ ಮುಂದಿಟ್ಟು, ಮಳೆಯ ಬಗ್ಗೆ ನಾಲ್ಕು ಸಾಲು ಬರಿ ಅಂದಿದ್ದೆ. "ಮಳೆ ಬಂತು. ನೀರು ಬಂತು. ಜನ ಓಡಿದರು." ಇಷ್ಟು ಬರೆದು ಎದ್ದುಹೋದ. ಬರೆಯಲು ಬರುವ ಅಕ್ಷರಗಳ ಅಳತೆಗೆ ತನ್ನ ಯೋಚನೆಯನ್ನು ಕತ್ತರಿಸಿಕೊಂಡಿದ್ದ. ಒಂದು ತಿಂಗಳು ಹೇಳಿಸಿದ ಮೇಲೆ ಅದೇ ಮಳೆಯ ಬಗ್ಗೆ ಕೇಳಿದೆ. "ಮಳಿ ಬಂದಾಗ ಮೆಟ್ರೊ ಕಂಬದ ತೆಳಗ ಎಲ್ಲರೂ ನಿಂತರು. ಇಡ್ಲಿ ಅಜ್ಜ ತನ್ನ ಛತ್ರಿ ಬಂಡಿಗಿ ಹಿಡದು ತಾ ತೊಯ್ಸಿಕೊಂಡ." ಅಜ್ಜ ನೆನೆದದ್ದು ಏಕೆ ಎಂದು ಅವನು ವಿವರಿಸಲಿಲ್ಲ, ವಿವರಿಸಬೇಕಾಗಿಯೂ ಇರಲಿಲ್ಲ. ಈ ವಾಕ್ಯಕ್ಕಾಗಿ ನಾನು ಎಷ್ಟು ದಿನ ಬೇಕಾದರೂ ಕಾಯುತ್ತೇನೆ.

ಹೇಳಿಸುವುದೆಂದರೆ ಬಾಯಿಪಾಠ ಒಪ್ಪಿಸುವುದು ಎಂದು ಕೆಲವರು ತಿಳಿಯುತ್ತಾರೆ. ಪಂಜೆ ಮಂಗೇಶರಾಯರ ಸಿಗಡಿಯ ಕಥೆಯನ್ನು ಮಗುವಿನಿಂದ ಹೇಳಿಸಿ ನೋಡಿ. ಅದು ಸರಪಳಿ ಕಥೆ. ಒಂದು ಕೊಂಡಿ ತಪ್ಪಿದರೆ ಮುಂದಿನದು ಬರುವುದೇ ಇಲ್ಲ. ಮಗ ನಡುವೆ ತಡವರಿಸಿ, "ತಡಿ, ತಡಿ" ಅನ್ನುತ್ತ ತಾನೇ ಹಿಂದಕ್ಕೆ ಹೋಗಿ ಜೋಡಿಸಿಕೊಂಡು ಬಂದ. ಕಾರಣ ಯಾವುದು, ಪರಿಣಾಮ ಯಾವುದು ಎಂದು ನಾನು ಒಂದು ಮಾತೂ ಹೇಳಿಕೊಡಲಿಲ್ಲ.

ಇನ್ನೊಂದು ಮಾತು ಈ ಊರಿನದು. ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ಮಾಡಿ 2018ರಲ್ಲಿ ಕಾನೂನು ಬಂತು. ಅದು ಅವರ ನೆಲದ ನ್ಯಾಯ, ನನಗೆ ತಕರಾರಿಲ್ಲ. ತೆಲುಗು, ಇಂಗ್ಲಿಷ್, ಹಿಂದಿ ಆದ ಮೇಲೆ ಕನ್ನಡಕ್ಕೆ ಜಾಗ ಎಲ್ಲಿ? ಕಾಚಿಗುಡಾದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ನಮ್ಮ ಗಲ್ಲಿಯಲ್ಲಿ ಮಾತ್ರ ಕನ್ನಡದ ಒಂದು ಬೋರ್ಡೂ ಇಲ್ಲ. ಮಗನ ಕನ್ನಡ ಇರುವುದು ಅವನ ನಾಲಿಗೆಯ ಮೇಲೆ, ನನ್ನ ಕಿವಿಯಲ್ಲಿ. ಅದು ಬತ್ತಿದರೆ ನಾಳೆ ಅವನ ಕೈ ಏನನ್ನು ಬರೆದೀತು? ಕೇಳಿ ಕಲಿಯುವುದು ಹೊಸದೂ ಅಲ್ಲ. ಗಾಂಧೀಜಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಪಠ್ಯಪುಸ್ತಕದ ಹಂಗಿಲ್ಲದೆ ಮಕ್ಕಳಿಗೆ ಪಾಠ ಹೇಳಿದರು. ಓದಿ ಕಲಿಯುವುದು ಆ ಮಕ್ಕಳಿಗೆ ಭಾರವಾಗಿತ್ತು, ಕೇಳಿ ಕಲಿಯುವುದು ಸಂತೋಷವಾಗಿತ್ತು ಎಂದು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ವೈನಿಯವರಿಗೆ ಸಿಟ್ಟು ಬಂದದ್ದು ಮಗ ಹೇಳಿದ ಹಾಗೇ ನಾನು "ಬಾಯಾಗ" ಎಂದು ಬರೆದುಕೊಂಡದ್ದಕ್ಕೆ. "ಬಾಯಲ್ಲಿ" ಅಂತ ತಿದ್ದಬೇಕಿತ್ತು ಅನ್ನುತ್ತಾರೆ. ವೈನಿ, ನೀವೇ ನಮಗೆ ಹೇಳಿಕೊಟ್ಟಿದ್ದೀರಿ: ವಚನ ಅಂದರೆ ಹೇಳಿದ್ದು, ಆಡಿದ್ದು. ಕನ್ನಡದ ಅತ್ಯುತ್ತಮ ಬರಹಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ಮಾತು. ತನ್ನ ಮನೆಮಾತು ಕಾಗದದ ಮೇಲೆ ಹಾಗೇ ಕೂತಿದ್ದನ್ನು ನೋಡಿದ ದಿನ ನನ್ನ ಮಗ ಆ ಹಾಳೆಯನ್ನು ದಿಂಬಿನ ಕೆಳಗಿಟ್ಟು ಮಲಗಿದ.

ವಿರೋಧ: ಕೈ ಕಾಯುವುದಿಲ್ಲ

ತಂಗಿ, ನಿನ್ನ ಮಗ ಕಥೆ ಹೇಳುವುದನ್ನು ನಾನು ಬೇಸಿಗೆಯಲ್ಲಿ ನಿಮ್ಮ ಮನೆಗೆ ಬಂದಾಗ ಕೇಳಿದ್ದೇನೆ. ಇಡ್ಲಿ ಅಜ್ಜನ ಮಾತು ಕೇಳಿ ನನಗೂ ಕಣ್ಣು ತುಂಬಿತು. ನೀನು ಅಡಿಗೆಮನೆಯಲ್ಲಿದ್ದಾಗ ಅವನ ಕೈಗೆ ಪಾಟಿ ಕೊಟ್ಟು, ಅದನ್ನೇ ಬರಿ ಪುಟ್ಟಾ ಅಂದೆ. ನೀನು ಬರೆದ ಹಾಳೆ ಮುಂದೆ ಇಡಲಿಲ್ಲ. ಅವನು ಬರೆದದ್ದು: "ಮಳಿ ಬದಾಗ ಮೆಟರೊ ಕಬದ ತೆಳಗ ಎಲರು ನಿತರು". ಸೊನ್ನೆ ಇಲ್ಲ, ಒತ್ತು ಇಲ್ಲ. ಎರಡನೇ ವಾಕ್ಯಕ್ಕೆ ಹೋಗುವ ಮೊದಲೇ ಬಳಪ ಕೆಳಗಿಟ್ಟು, "ಅತ್ತಿ, ಅವ್ವ ಬರೀತಾಳ ಬಿಡು" ಅಂದ. ಆ ದನಿಯಲ್ಲಿ ಆಲಸ್ಯವಿರಲಿಲ್ಲ, ನಾಚಿಕೆ ಇತ್ತು. ಇಷ್ಟು ಚೆಂದ ಮಾತಾಡುವ ಹುಡುಗನಿಗೆ ತನ್ನ ಮಾತೇ ತನ್ನ ಕೈಗೆ ಸಿಗುತ್ತಿಲ್ಲ ಎಂಬುದು ಏಳನೇ ವರ್ಷಕ್ಕೇ ಗೊತ್ತಾಗಿಬಿಟ್ಟಿದೆ.

ಮೇಸನ್ ಬಾಯಿ ಹೇಳಿದ್ದು ಇಂಗ್ಲಿಷ್ ಮಕ್ಕಳಿಗೆ. ಅವರ ಕೈ ಕಲಿಯಬೇಕಾದ ಅಕ್ಷರ 26. ಸ್ಪೆಲಿಂಗಿನ ಗೋಳು ಅವರಿಗಿದೆ, ಒಪ್ಪಿದೆ. ಆದರೆ ನಮ್ಮಲ್ಲಿ ವ್ಯಂಜನಗಳೇ 34. ಒಂದೊಂದರ ಕಾಗುಣಿತ ಹಿಡಿದರೆ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. "ಮ"ದ ಕೊಂಬು ಒಂದು ಥರ, "ಪ"ದ ಕೊಂಬು ಇನ್ನೊಂದು ಥರ. ಕನ್ನಡದ ಮಕ್ಕಳ ಓದಿನ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅಕ್ಷರಗಳ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದೆ. ದಿನಾ ಬರೆಯುವ ಮಕ್ಕಳಿಗೇ ಇಷ್ಟು ಕಾಲ ಬೇಕು. ನೀನು ಹತ್ತಕ್ಕೆ ಶುರು ಮಾಡಿದರೆ ಮುಗಿಯುವುದು ಯಾವಾಗ?

ನಿನ್ನ ಅಮೀರ್‌ಪೇಟ್‌ನಲ್ಲಿ ಇನ್ನೊಂದು ತೊಡಕಿದೆ. ಅವನ ಕಣ್ಣಿಗೆ ಇಡೀ ದಿನ ಬೀಳುವುದು ತೆಲುಗು ಅಕ್ಷರ. ನಮ್ಮ ಲಿಪಿಗೆ ಅದು ಒಡಹುಟ್ಟಿದ ಹಾಗೆ ಇದೆ, ಎದ್ದು ಕಾಣುವ ವ್ಯತ್ಯಾಸ ತಲೆಕಟ್ಟಿನದು. ಅಂದು ಅವನು ಬರೆದ "ಕಬ"ದ ಕಕಾರಕ್ಕೆ ಟಿಕ್ ಹಾಕಿದಂಥ ತೆಲುಗಿನ ತಲೆಕಟ್ಟು ಇತ್ತು. ಅದು ತಪ್ಪೆಂದು ನಾನು ಬೈಯಲಿಲ್ಲ, ಎರಡೂ ಕಲಿಯಲಿ. ಆದರೆ ಎರಡನ್ನೂ ಬೇರ್ಪಡಿಸುವುದು ಕೈಯ ಕೆಲಸ. ಎಷ್ಟು ಕಥೆ ಹೇಳಿದರೂ ನಾಲಿಗೆಗೆ ತಲೆಕಟ್ಟು ತಿಳಿಯುವುದಿಲ್ಲ.

ಇನ್ನು ನನ್ನ ದೊಡ್ಡ ತಕರಾರು. ಅವನು ಹೇಳುವಾಗ ನಾನು ಎಣಿಸಿದ್ದೇನೆ. "ಆಮ್ಯಾಗ... ಆಮ್ಯಾಗ..." ಅನ್ನುತ್ತ ಹತ್ತು ನಿಮಿಷ ಒಂದೇ ಉಸಿರು. ನಿನ್ನ ವಹಿಯಲ್ಲಿ ಅದು ಹದಿನಾಲ್ಕು ವಾಕ್ಯವಾಗಿದೆ. ಪೂರ್ಣವಿರಾಮ ಇಟ್ಟವರು ಯಾರು? ಎಲ್ಲಿ ಮುಗಿಸಬೇಕು, ಎಲ್ಲಿ ಹೊಸದು ಶುರು ಮಾಡಬೇಕು ಎಂದು ನಿರ್ಧರಿಸುವುದೇ ಬರವಣಿಗೆ. ಆ ಕೆಲಸವನ್ನು ನೀನು ಮಾಡುತ್ತಿದ್ದೀಯ, ಹೆಸರು ಅವನಿಗೆ ಕೊಡುತ್ತಿದ್ದೀಯ. ಪ್ರೀತಿಯಿಂದ ಮಾಡುತ್ತಿದ್ದೀಯ ಎಂಬುದು ಗೊತ್ತು.

ಮಾತಿನ ಮಕ್ಕಳಿಗೆ ಈ ಪದ್ಧತಿ ಒಗ್ಗುತ್ತದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎರಡು ವರ್ಷ ಅವಳ ಬಾಯಿಂದ "ಹೂಂ" ಬಿಟ್ಟು ಬೇರೆ ಮಾತು ಕೇಳಲಿಲ್ಲ. ಮೂರನೇ ತರಗತಿಯಲ್ಲಿ ಒಂದು ದಿನ, ಮನೆಯ ಎಮ್ಮೆ ಮಾರಿದ್ದನ್ನು ಪಾಟಿಯ ಎರಡೂ ಬದಿ ತುಂಬ ಬರೆದು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ "ಈಗ ನೀ ಹೇಳು" ಅಂದಿದ್ದರೆ ಆ ಎಮ್ಮೆ ನನಗೆ ಎಂದೂ ಸಿಗುತ್ತಿರಲಿಲ್ಲ. ಅಕ್ಷರ ಕೈಗೆ ಬಂದದ್ದರಿಂದ ಅವಳಿಗೆ ಬಾಯಿ ಬಂತು.

"ಬಾಯಾಗ" ಬಗ್ಗೆ ನೀನು ನನ್ನನ್ನು ತಪ್ಪು ತಿಳಿದಿದ್ದೀಯ. ಮೂವತ್ತು ವರ್ಷದಲ್ಲಿ ಒಂದು ಮಗುವಿನ ಮನೆಮಾತನ್ನೂ ನಾನು ತಪ್ಪು ಅಂದಿಲ್ಲ. ಆದರೆ ಪುಸ್ತಕದ ಕನ್ನಡ ಇನ್ನೊಂದಿದೆ, ಅದೂ ಅವನದೇ ಆಸ್ತಿ. ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ ಓದಿ, ಬರೆದು, ಅಳಿಸಿ, ಮತ್ತೆ ಬರೆದಾಗ ಮಾತ್ರ ತೆರೆಯುತ್ತದೆ. ವಚನ ಅಂದರೆ ಹೇಳಿದ್ದು, ನಿಜ. ಹೇಳಿದ್ದು ಗಾಳಿಗೆ ಹೋಗದೆ ನಮ್ಮವರೆಗೆ ಬಂದದ್ದು ಯಾರೋ ತಾಡೋಲೆಯ ಮೇಲೆ ಕಂಟದಿಂದ ಕೊರೆದದ್ದಕ್ಕೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಗಾಂಧೀಜಿಯ ಮಾತನ್ನೂ ಪೂರ್ತಿ ಹೇಳು. ಕೆಟ್ಟ ಅಕ್ಷರ ಅರೆಬರೆ ಶಿಕ್ಷಣದ ಗುರುತು ಎಂದು ಅದೇ ಆತ್ಮಕಥೆಯಲ್ಲಿ ಬರೆದು, ಚಿಕ್ಕಂದಿನಲ್ಲಿ ಅಲಕ್ಷ್ಯ ಮಾಡಿದ್ದನ್ನು ಮುಂದೆ ಸರಿಪಡಿಸಿಕೊಳ್ಳಲು ಆಗಲೇ ಇಲ್ಲ ಎಂದು ಪಶ್ಚಾತ್ತಾಪಪಟ್ಟವರು ಅವರು.

ಲೋಕದ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಗುವನ್ನು ಶಾಲೆಯಲ್ಲಿ ನೋಡಬಯಸುತ್ತದೆ, ಮನೆಶಾಲೆಯ ಬಗ್ಗೆ ಅದರಲ್ಲಿ ಮಾತಿಲ್ಲ. ನಿಮ್ಮಂಥವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಹದಿನಾಲ್ಕು ತುಂಬಿದರೆ ಹತ್ತನೇ ತರಗತಿಗೆ ಹೆಸರು ನೋಂದಾಯಿಸಿ ಪರೀಕ್ಷೆಗೆ ಕೂರಬಹುದು. ಅಲ್ಲಿ ಅವನ ಪಕ್ಕ ಅವ್ವ ಕೂರುವಂತಿಲ್ಲ.

ದಿನಕ್ಕೆ ಹದಿನೈದು ನಿಮಿಷ ಪಾಟಿ-ಬಳಪ ಕೊಡು. ಅವನು ಹೇಳಿದ ಕಥೆಯಿಂದಲೇ ಮೂರು ಸಾಲು ಉಕ್ತಲೇಖನ ಹಾಕು. ಕೊನೆಯ ಒಂದು ವಾಕ್ಯ ಅವನೇ ಬರೆಯಲಿ, ಒತ್ತು ತಪ್ಪಿದರೂ ತಪ್ಪಲಿ.

ಮರುಮಾತು

ವೈನಿ, ಪೂರ್ಣವಿರಾಮದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ವಹಿ ತೆಗೆದು ನೋಡಿದೆ, ಚುಕ್ಕೆಗಳೆಲ್ಲ ನನ್ನವೇ. ಕಳೆದ ಸೋಮವಾರದಿಂದ ಅವನು ವಾಕ್ಯ ಮುಗಿದಲ್ಲಿ ಬೆರಳಿನಿಂದ ಮೇಜು ತಟ್ಟುತ್ತಾನೆ, ಆಮೇಲೆ ಪೆನ್ಸಿಲ್ ಇಸಿದುಕೊಂಡು ಚುಕ್ಕೆ ತಾನೇ ಇಡುತ್ತಾನೆ. "ಆಮ್ಯಾಗ" ಕಡಿಮೆಯಾಗಿದೆ. ಉಕ್ತಲೇಖನ ಮಾತ್ರ ಈಗಲೇ ಹಾಕಲಾರೆ, ಒಂದು ವರ್ಷ ತಡೆಯಿರಿ. ದೀಪಾವಳಿಗೆ ಬರುವಾಗ ಪಾಟಿ ತನ್ನಿ. ಅವನು ನಿಮಗೆ ಒಂದು ಕಥೆ ಹೇಳುತ್ತಾನಂತೆ, ಈ ಸಲ ಬರೆದುಕೊಳ್ಳುವವರು ನೀವಾಗಬೇಕಂತೆ.