ನಳದಲ್ಲಿ ಬರುವ ಕಂದಾಯ

ಸರಕಾರ ಹೊಸ ಕರ ಹೇರಿದರೆ ನಾವು ಸಭೆ ಸೇರುತ್ತೇವೆ, ಮೋರ್ಚಾ ತೆಗೆಯುತ್ತೇವೆ, ಕಚೇರಿಯ ಮುಂದೆ ಧರಣಿ ಕೂಡುತ್ತೇವೆ. ಆದರೆ ವಿಜಯಪುರದ ಓಣಿಗಳಲ್ಲಿ, ತಿಕೋಟಾ-ಬಬಲೇಶ್ವರದ ಹಳ್ಳಿಗಳಲ್ಲಿ ಜನ ದಿನವೂ ತೆರುತ್ತಿರುವ ಒಂದು ಕರ ಯಾವ ಆಯವ್ಯಯ ಪತ್ರಿಕೆಯಲ್ಲೂ ನಮೂದಾಗಿಲ್ಲ. ಅದಕ್ಕೆ ರಸೀದಿ ಇಲ್ಲ, ಮೇಲ್ಮನವಿಯೂ ಇಲ್ಲ. ನದಿಯ ನೀರು ತಪ್ಪಿದ ದಿನ ಬೋರಿನ ನೀರಿನೊಡನೆ ನಳದಲ್ಲೇ ಅದು ಇಳಿದು ಬರುತ್ತದೆ. ಪುಸ್ತಕದವರು ಅದನ್ನು ಗಡಸು ನೀರು ಎನ್ನುತ್ತಾರೆ, ನಮ್ಮ ಜನ ಸವಳು ನೀರು ಎನ್ನುತ್ತಾರೆ. ಉಪ್ಪು ನೀರಿಗೂ ಗಡಸು ನೀರಿಗೂ ಭೇದವುಂಟು, ನಿಜ. ಡೋಣಿ ದಂಡೆಯವರಿಗೆ ಎರಡರ ರುಚಿಯೂ ಗೊತ್ತು.

ಕಾರಣ ನೆಲದಲ್ಲಿದೆ. ನಮ್ಮ ಕಾಲಡಿಯ ಕರಿಗಲ್ಲಿನ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಶಿಯಮ್, ಮ್ಯಾಗ್ನೀಶಿಯಮ್ ಲವಣಗಳನ್ನು ಕರಗಿಸಿಕೊಂಡು ಮೇಲೇರುತ್ತದೆ. ಕಾಯಿಸಿದಾಗ ಅದರ ಒಂದು ಪಾಲು ಬಿಳಿ ಹೆಕ್ಕಳೆಯಾಗಿ ಹಂಡೆಯ ತಳ ಹಿಡಿಯುತ್ತದೆ, ಹೀಟರಿನ ಸುರುಳಿಗೆ ಕಲ್ಲಾಗಿ ಅಂಟುತ್ತದೆ. ಆ ಕಲ್ಲು ಶಾಖವನ್ನು ಬೇಗ ಬಿಟ್ಟುಕೊಡದು. ಸೌದೆಯೂ ಕರೆಂಟೂ ಹೆಚ್ಚು ಉರಿಯಬೇಕು. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ತೊಗರಿ ಬೇಳೆಯೇ ಬೇಯುವುದಿಲ್ಲ! ಚಿಟಿಕೆ ಸೋಡಾ ಹಾಕಿ, ಇನ್ನೊಂದು ಸಲ ಕುಕ್ಕರ್ ಕೂಗಿಸಿ ನಮ್ಮ ತಾಯಂದಿರು ಸಾರು ಇಳಿಸುತ್ತಾರೆ.

ಈಗ ಸಾಬೂನಿನ ಲೆಕ್ಕ. ಇದು ಶಾಲೆಯ ರಸಾಯನ ಶಾಸ್ತ್ರ, ಓದುಗರು ತಾವೇ ಗುಣಿಸಿ ನೋಡಲಿ. ನೀರಿನಲ್ಲಿರುವ ಒಂದು ಗ್ರಾಂ ಗಡಸುತನ ಸುಮಾರು ಆರು ಗ್ರಾಂ ಸಾಬೂನನ್ನು ತಿಂದು ಜಿಡ್ಡಾಗಿಸಿದ ಮೇಲೆಯೇ ನೊರೆ ಏಳುವುದು. ಲೀಟರಿಗೆ 600 ಮಿಲಿಗ್ರಾಂ ಗಡಸುತನವಿದ್ದರೆ 20 ಲೀಟರಿನ ಬಕೆಟ್ಟಿನಲ್ಲಿ 12 ಗ್ರಾಂ ಆಯಿತು. ಅಂದರೆ ಬಕೆಟ್ಟಿನ ನೀರೆಲ್ಲ ನೊರೆಯಾಗುವ ಮುನ್ನ 72 ಗ್ರಾಂ ಸಾಬೂನು ವ್ಯರ್ಥ. ಒಂದು ಅಂಗಿಯೂ ಇನ್ನೂ ಒಗೆದಿಲ್ಲ! ಆ ಜಿಡ್ಡೇ ಬಟ್ಟೆಗೆ ಹತ್ತಿ ಬಿಳಿ ಧೋತರವನ್ನು ಬೂದು ಮಾಡುತ್ತದೆ, ಕೂದಲನ್ನು ಹುರಿ ಮಾಡುತ್ತದೆ. ನಾವು ಪುಡಿ ಹಾಕುತ್ತೇವಲ್ಲ ಎನ್ನುವವರುಂಟು. ಆ ಪುಡಿಯಲ್ಲಿ ನೀರನ್ನು ಮೆದು ಮಾಡುವ ದ್ರವ್ಯ ಬೆರೆಸಿರುತ್ತಾರೆ, ಅದರ ಬೆಲೆಯನ್ನು ಕಂಪನಿ ತನ್ನ ಕಿಸೆಯಿಂದ ಕೊಡುವುದಿಲ್ಲ.

ಸವಳು ನೀರಿನಿಂದ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆಂದು ಊರೂರಲ್ಲಿ ಮಾತಿದೆ. ವೈದ್ಯ ಶಾಸ್ತ್ರ ಇದನ್ನು ಖಚಿತವಾಗಿ ಒಪ್ಪಿಲ್ಲ. ನಮ್ಮ ವಾದಕ್ಕೆ ಅದರ ಅವಶ್ಯಕತೆಯೂ ಇಲ್ಲ. ಹೆದರಿಕೆ ಹುಟ್ಟಿಸಿ ಯಂತ್ರ ಮಾರುವವರ ಕಸುಬು ನಮಗೆ ಬೇಡ. ಮನೆಯ ಖರ್ಚೂ ಹೆಣ್ಣುಮಕ್ಕಳ ರಟ್ಟೆಯ ದುಡಿಮೆಯೂ ಸಾಲದೇ ಸಾಕ್ಷಿಗೆ?

ಅಧಿಕಾರಿಗಳನ್ನು ಕೇಳಿದರೆ ನೀರು ಮಿತಿಯೊಳಗೇ ಇದೆ ಎನ್ನುತ್ತಾರೆ. ಯಾವ ಮಿತಿ? ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500 ಹೇಳುವ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. 600ರ ವರೆಗೆ ಸಹಿಸಬಹುದೆಂಬ ಮಾತೂ ಅದರಲ್ಲಿದೆ, ಆದರೆ ಬೇರೆ ಮೂಲ ಇಲ್ಲದಿದ್ದಾಗ ಮಾತ್ರ. ಕಚೇರಿಯವರು 600 ಎಂಬ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಆ ಷರತ್ತನ್ನು ನುಂಗಿಬಿಟ್ಟಿದ್ದಾರೆ. ನಮಗೆ ಬೇರೆ ಮೂಲವಿಲ್ಲವೆ? 123 ಟಿ.ಎಂ.ಸಿ. ಹಿಡಿಯುವ ಆಲಮಟ್ಟಿ ಜಲಾಶಯ ಯಾವ ಜಿಲ್ಲೆಯಲ್ಲಿದೆ? ಕೋಲ್ಹಾರದ ಹಿನ್ನೀರಿನಿಂದ ಕೃಷ್ಣೆ ನಗರದ ಟಾಕಿಗಳಿಗೆ ಏರಿ ಬರುತ್ತಿಲ್ಲವೆ? ತುಬಚಿ-ಬಬಲೇಶ್ವರ ಏತ ನೀರಾವರಿ ಅದೇ ಕೃಷ್ಣೆಯನ್ನು ಎತ್ತಿ ಈ ಎರಡು ತಾಲೂಕುಗಳ ಕೆರೆ-ಕಾಲುವೆಗೆ ಹಾಯಿಸುತ್ತಿಲ್ಲವೆ? ತಿಕೋಟಾದ ದ್ರಾಕ್ಷಿ ಬೆಳೆಗಾರನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನ ಬಳ್ಳಿಯೂ ಹಸಿರಾಗಲಿ. ಆದರೆ ತೋಟದ ವರೆಗೆ ಏರುವ ನದಿ ತೋಟದ ಕೂಲಿ ಹೆಂಗಸಿನ ಒಲೆಯ ವರೆಗೆ ಪ್ರತಿ ದಿನ ಏಕೆ ಏರಬಾರದು ಎಂದು ಕೇಳುವ ಹಕ್ಕು ನಮಗಿದೆ.

ಆದಿಲಶಾಹಿಗಳಿಗೆ ಪಂಪು ಇರಲಿಲ್ಲ, ಕರೆಂಟು ಇರಲಿಲ್ಲ. 1620ರಲ್ಲಿ ತಾಜ್ ಬಾವಡಿ ಕಟ್ಟಿಸಿದವರು ಬಾವಿಗಳಿಗಷ್ಟೇ ಊರನ್ನು ಒಪ್ಪಿಸಿ ಕೂಡಲಿಲ್ಲ. ತೊರವಿಯ ಕಡೆಯಿಂದ ನೆಲದಡಿಯ ಕಾಲುವೆ ಕೊರೆದು, 1651ರಲ್ಲಿ ಬೇಗಂ ತಲಾಬ್ ಕಟ್ಟಿ, ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಕೊಳವೆ ಒಡೆಯದಂತೆ ಒತ್ತಡ ತಗ್ಗಿಸಲು ಅವರು ಎಬ್ಬಿಸಿದ ಗಂಜ್ ಗೋಪುರಗಳು ಇಂದಿಗೂ ಊರೊಳಗೆ ನಿಂತಿವೆ. ಅರಸರನ್ನು ಹೊಗಳುವುದು ನಮ್ಮ ಕೆಲಸವಲ್ಲ. ಆ ನೀರು ಮೊದಲು ಅರಮನೆಯ ಕಾರಂಜಿಗೆ ಹೋಯಿತೆಂಬುದನ್ನು ಬಲ್ಲೆವು. ಪ್ರಜೆಗಳ ರಾಜ್ಯದಲ್ಲೂ ಸಿಹಿ ನೀರಿಗೆ ಮೊದಲ ಸಾಲು, ಕೊನೆಯ ಸಾಲು ಎಂಬುದು ಉಳಿಯಬೇಕೆ ಎಂಬುದೇ ನಮ್ಮ ಪ್ರಶ್ನೆ.

ಉತ್ತರವೆಂದು ನಮಗೆ ತೋರಿಸುವುದು ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ಕುಡಿಯಲು ಅದು ಆಗಲಿ, ಬೇಡವೆನ್ನುವುದಿಲ್ಲ. ಆದರೆ ಬೇಳೆ ಬೇಯಿಸಲು, ಕೂಸಿಗೆ ಎರೆಯಲು, ಬಟ್ಟೆ ಒಗೆಯಲು ಕ್ಯಾನ್ ಹೊತ್ತು ತರುವವರು ಯಾರು? ಮೇಲಾಗಿ ಆ ಯಂತ್ರ ಸೋಸಿ ಹೊರಚೆಲ್ಲುವ ಇನ್ನೂ ಗಡಸಾದ ನೀರು ಚರಂಡಿಗೆ ಹರಿದು ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಉಳ್ಳವರು ಮನೆಯಲ್ಲೇ ಯಂತ್ರ ಕೂಡಿಸಿಕೊಂಡು ಸುಮ್ಮನಾದರು. ದೂರುವ ಬಾಯಿ ಅಷ್ಟರ ಮಟ್ಟಿಗೆ ಕಡಿಮೆಯಾಯಿತು. ಈ ಘಟಕಗಳಿಂದ ಆಡಳಿತಕ್ಕೆ ಆದ ನಿಜವಾದ ಲಾಭ ಇದೇ ಎನ್ನದೆ ಗತ್ಯಂತರವಿಲ್ಲ.

ನಾವು ಕೇಳುವುದು ಇಷ್ಟು. ಮಹಾನಗರ ಪಾಲಿಕೆ ಬೋರಿನ ನೀರು ಬಿಡುವ ದಿನ, ಯಾವ ಬಡಾವಣೆಗೆ ಯಾವ ನೀರು ಎಂದು ಮೊದಲೇ ಸಾರಬೇಕು. ಸವಳು ನೀರಿಗೂ ಸಿಹಿ ನೀರಿಗೂ ಒಂದೇ ನಳದ ಪಟ್ಟಿ ವಸೂಲು ಮಾಡಕೂಡದು. ಬೋರನ್ನು ನದಿ ನೀರಿನೊಡನೆ ಬೆರೆಸುವುದಾದರೆ 200ರ ಗೆರೆ ದಾಟಕೂಡದು. ತಿಕೋಟಾ-ಬಬಲೇಶ್ವರಗಳಲ್ಲಿ ನದಿ ನೀರಿನ ಕೊಳವೆ ಮೊದಲು ಹೋಗಬೇಕಾದುದು ಎಲ್ಲಕ್ಕಿಂತ ಗಡಸು ನೀರಿರುವ ಕೇರಿಗೆ, ಮುಖಂಡರ ಮನೆಯ ಬೀದಿಗಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಿ ಪೆಟ್ಟಿಗೆ ಕೊಡಬೇಕು. ಆ ಐವರು ಯಾರು, ಪೆಟ್ಟಿಗೆ ಯಾರ ಕಪಾಟಿನಲ್ಲಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಅವರು ಅಳೆದ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ, ಊರ ಹೆಂಗಸರು ನೀರಿಗೆ ಹೋಗುವ ದಾರಿಗೆ ಕಾಣುವಂತೆ, ದಪ್ಪ ಅಕ್ಷರದಲ್ಲಿ ಬರೆಸಿರಿ.