ಜಾಗಟೆ ಯಾರ ಕೈಗೆ?

ಅಂತಿಮ ವರ್ಷದ ಐಚ್ಛಿಕ ಕನ್ನಡ ತರಗತಿಯಲ್ಲಿ ಈಚೆಗೊಂದು ಚರ್ಚೆ ಹುಟ್ಟಿತು: ರಾಕ್ ಸಂಗೀತ ತಂಡವೊಂದರ ಪ್ರಮುಖ ಕಲಾವಿದ ತೀರಿಕೊಂಡ ಮೇಲೆ ಉಳಿದವರು ಅದೇ ಹೆಸರಿನಲ್ಲಿ ಮುಂದುವರಿಯುವುದು ಸರಿಯೇ? ಆ ಸಂಗೀತದಲ್ಲಿ ನನಗೆ ಪರಿಶ್ರಮವಿಲ್ಲ. ಆದರೂ ವಿದ್ಯಾರ್ಥಿಯೊಬ್ಬ ಕೊಟ್ಟ ಎರಡು ನಿದರ್ಶನಗಳು ಮನಸ್ಸಿನಲ್ಲಿ ಉಳಿದವು. 1980ರ ಫೆಬ್ರವರಿಯಲ್ಲಿ ಗಾಯಕ ಬಾನ್ ಸ್ಕಾಟ್‌ನನ್ನು ಕಳೆದುಕೊಂಡ ಎಸಿ/ಡಿಸಿ ತಂಡ, ಹೊಸ ಗಾಯಕನನ್ನು ಕೂಡಿಸಿಕೊಂಡು ಜುಲೈಯಲ್ಲಿ ಹೊಸ ಧ್ವನಿಮುದ್ರಿಕೆಯನ್ನೇ ತಂದಿತು. ಅದೇ ಸೆಪ್ಟೆಂಬರಿನಲ್ಲಿ ಡ್ರಮ್ ವಾದಕ ಜಾನ್ ಬಾನಮ್ ನಿಧನನಾದಾಗ ಲೆಡ್ ಜೆಪ್ಲಿನ್ ತಂಡ ಡಿಸೆಂಬರಿನಲ್ಲಿ ತನ್ನ ಮುಕ್ತಾಯವನ್ನು ಸಾರಿತು. ತರಗತಿಯ ಬಹುಮತ ಲೆಡ್ ಜೆಪ್ಲಿನ್ ಕಡೆಗಿತ್ತು. ನಾನು ಅಂದು ಮೌನವಾಗಿದ್ದೆ, ಅದಕ್ಕೊಂದು ಕಾರಣವಿತ್ತು.

ಶಿರಿಯದ ನಮ್ಮ ತಾಳಮದ್ದಳೆ ಕೂಟದ ಹಿರಿಯ ಭಾಗವತರು ತೀರಿಕೊಂಡ ಮೇಲೆ ಎರಡು ಮಳೆಗಾಲ ಕೂಟ ಸೇರಲೇ ಇಲ್ಲ. ‘ಅವರಿಲ್ಲದ ಮೇಲೆ ಎಂಥ ಕೂಟ?’ ಎಂದವರಲ್ಲಿ ನಾನೂ ಒಬ್ಬ. ಅದನ್ನು ಗೌರವವೆಂದೇ ತಿಳಿದಿದ್ದೆ. ಅದರಲ್ಲಿ ಸ್ವಲ್ಪ ಆಲಸ್ಯವೂ ಬೆರೆತಿತ್ತೆಂದು ಈಗ ತೋರುತ್ತದೆ.

ಎಳವೆಯಲ್ಲಿ ಮರಾಠಿ, ಕನ್ನಡ ಎರಡರಲ್ಲೂ ಓದಿದ ನನಗೆ ಇಲ್ಲಿ ನೆನಪಾಗುವುದು ಕಿರ್ಲೋಸ್ಕರ ನಾಟಕ ಮಂಡಳಿ. ಅದನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬರೆಯುತ್ತಿದ್ದ ನಾಟಕವನ್ನು ಅರ್ಧಕ್ಕೇ ಬಿಟ್ಟು 1885ರಲ್ಲಿ ಅವರು ತೀರಿಕೊಂಡರು. ಮಂಡಳಿಯವರು ‘ಶಾಕುಂತಲ’, ‘ಸೌಭದ್ರ’ಗಳನ್ನಷ್ಟೇ ಆಡಿಕೊಂಡು ಕಾಲ ಕಳೆಯಬಹುದಿತ್ತು. ಹಾಗೆ ಮಾಡದೆ ದೇವಲರ ‘ಶಾರದಾ’ವನ್ನು 1899ರಲ್ಲಿ ರಂಗಕ್ಕೆ ತಂದರು. 1901ರಲ್ಲಿ ಮುಖ್ಯ ನಟ ಭಾವೂರಾವ್ ಕೊಲ್ಹಟಕರರೂ ಹೋದರು. ಆಮೇಲೆ ಬಂದ ತರುಣ ಬಾಲಗಂಧರ್ವರು ಖಾಡಿಲ್ಕರರ ‘ಮಾನಾಪಮಾನ’ದಲ್ಲಿ ಹಾಡಿದ್ದು 1911ರಲ್ಲಿ, ಸ್ಥಾಪಕರು ತೀರಿಕೊಂಡು ಇಪ್ಪತ್ತಾರು ವರ್ಷಗಳ ಬಳಿಕ. (ಎರಡು ಸಾವುಗಳನ್ನು ತಾಳಿಕೊಂಡ ಮಂಡಳಿಗೆ, 1913ರಲ್ಲಿ ಅದೇ ಬಾಲಗಂಧರ್ವರು ಹೊರಟು ಬೇರೆ ಮಂಡಳಿ ಕಟ್ಟಿದ್ದು ಹೆಚ್ಚು ಕಠಿಣವಾಯಿತು, ಅದು ಬೇರೆ ಕಥೆ.)

ನಮ್ಮ ಯಕ್ಷಗಾನದಲ್ಲಿ ಮೇಳ ನಿಲ್ಲುವುದಿಲ್ಲ. ಅದಕ್ಕಿರುವುದು ದೇವರ ಹೆಸರು ಅಥವಾ ಊರಿನ ಹೆಸರು, ಭಾಗವತರದಲ್ಲ. 1990ರ ಮೇ ತಿಂಗಳಲ್ಲಿ ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ಮಡಿದಾಗ ಅವರಿಗೆ ಕೇವಲ 31 ವರ್ಷ. ಮೇಳ ತಿರುಗಾಟವನ್ನು ಮುಂದುವರಿಸಿತು; ಸರಿಯಾಗಿಯೇ ಮಾಡಿತು. ನನ್ನ ತಕರಾರು ಇರುವುದು ಮೇಳದ ಬಗೆಗಲ್ಲ, ಪ್ರೇಕ್ಷಕರಾದ ನಮ್ಮ ಬಗೆಗೆ. ಕ್ಯಾಸೆಟ್ಟಿನಲ್ಲಿ ಉಳಿದ ನಾವಡರ ಕಂಠವನ್ನು ಕೈಯಲ್ಲಿ ಹಿಡಿದು, ಬಡಗಿನ ಎಳೆಯ ಭಾಗವತರನ್ನೆಲ್ಲ ಅದರಿಂದಲೇ ಅಳೆದೆವು. ಅನುಕರಿಸಿದವನಿಗೆ ಚಪ್ಪಾಳೆ, ತನ್ನದೇ ದಾರಿ ಹಿಡಿದವನಿಗೆ ‘ನಾವಡರ ಹಾಗಿಲ್ಲ’ ಎಂಬ ಷರಾ. ನಾವಡರು ಯಾರ ಹಾಗಿದ್ದರು?

ನಮ್ಮ ಕೂಟಕ್ಕೂ ಇದೇ ಗತಿ ಬರುವುದರಲ್ಲಿತ್ತು. ಹಾಡುಗಾರಿಕೆ ಕಲಿತ ವಿದ್ಯಾರ್ಥಿನಿಯೊಬ್ಬಳು ಜಾಗಟೆ ಹಿಡಿಯಲು ಮುಂದೆ ಬಂದಾಗ ಹಿರಿಯರೊಬ್ಬರು ಒಪ್ಪಿದರು, ಆದರೆ ಹಳೆಯ ಭಾಗವತರ ಶ್ರುತಿಯಲ್ಲಿ, ಅವರ ಧಾಟಿಯಲ್ಲೇ ಹಾಡಬೇಕೆಂಬ ಷರತ್ತಿನ ಮೇಲೆ. ಹೆಣ್ಣುಮಗಳೆಂಬ ಆಕ್ಷೇಪ ಬರಲಿಲ್ಲ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಡಿತ್ತಾಯರು ಆ ಬಾಗಿಲನ್ನು ಎಂದೋ ತೆರೆದಿದ್ದಾರೆ. ನಾನು ಕೇಳಿದ್ದು ಇಷ್ಟೇ: ಕುಂಬಳೆಯ ಪಾರ್ತಿಸುಬ್ಬನ ಪದಗಳನ್ನು ಪಾರ್ತಿಸುಬ್ಬನ ಧಾಟಿಯಲ್ಲಿ ಕೇಳಿದವರು ನಮ್ಮಲ್ಲಿ ಯಾರಿದ್ದಾರೆ?

ಉತ್ತರ ಬರಲಿಲ್ಲ, ಚಹಾ ಬಂತು. ಈ ಆಟಿಯಲ್ಲಿ ‘ಪಂಚವಟಿ’ ಎಂದು ನಿಶ್ಚಯವಾಗಿದೆ. ಶ್ರುತಿಯನ್ನು ಆಕೆಯೇ ಗೊತ್ತುಮಾಡುತ್ತಾಳೆ. ಅರ್ಥ ಹೇಳಲು ಇನ್ನೂ ಇಬ್ಬರು ಬೇಕಾಗಿದ್ದಾರೆ. ಆಸಕ್ತರು ವಿಭಾಗದಲ್ಲಿ ನನ್ನನ್ನು ಕಾಣಬಹುದು.